ಜೈಲಿಗೆ ಹೋದವರು ಏನೇನು ಕಳೆದುಕೊಳ್ಳಬೇಕು?



ಮುಂಡಗೋಡದ ಟಿಬೆಟನ್ ಕಾಲೊನಿಗೆ ನಮ್ಮಲ್ಲಿ ಬಹಳಷ್ಟು ಜನ ಹೋಗಿದ್ದೇವೆ. ಕೆಲವರು ಕೂಲಿಗೆ, ಕೆಲವರು ಮಕ್ಕಳಿಗೆ ಮಠ ತೋರಿಸಲಿಕ್ಕೆ. ಅಲ್ಲಿನ ಡ್ರೆಪುಂಗ್ ಮತ್ತು ಗಾದೆನ್ ಮಠದ ಹಿರಿಯ ಲಾಮಾಗಳು ಇಲ್ಲಿಗೆ ಬಂದದ್ದು ಒಂದು ಹಳೇ ಜೈಲಿನಿಂದ ಅಂತ ಎಷ್ಟು ಜನರಿಗೆ ಗೊತ್ತು?

ಅವರು ಕೈದಿಗಳಲ್ಲ. 1959ರಲ್ಲಿ ಟಿಬೆಟ್ ಬಿಟ್ಟು ಬಂದ ಸುಮಾರು 1,500 ಲಾಮಾಗಳಿಗೆ ಪಶ್ಚಿಮ ಬಂಗಾಳದಲ್ಲಿ, ಭೂತಾನ್ ಗಡಿಯ ಹತ್ತಿರದ ಬಕ್ಸಾ ಕೋಟೆಯಲ್ಲಿ ಆಸರೆ ಸಿಕ್ಕಿತು. ಬ್ರಿಟಿಷರು ಬಂಗಾಳದ ಸ್ವಾತಂತ್ರ್ಯ ಹೋರಾಟಗಾರರನ್ನು ಕೂಡಿಹಾಕುತ್ತಿದ್ದ ಜಾಗ ಅದು. ಕಾವಲುಗಾರರು ಹೋಗಿದ್ದರು, ಆದರೆ ಕಟ್ಟಡ ಜೈಲೇ ಆಗಿತ್ತು. ಇಕ್ಕಟ್ಟು, ಸೆಕೆ, ತೇವ. ತಣ್ಣನೆಯ ನಾಡಿನಿಂದ ಬಂದವರಿಗೆ ಕ್ಷಯ ಹತ್ತಿತು. ಎಷ್ಟೋ ಮಂದಿ ಅಲ್ಲೇ ತೀರಿಕೊಂಡರು. ಉಳಿದವರಲ್ಲಿ ಈ ಎರಡು ಮಠದವರು ಹತ್ತು ವರ್ಷದ ನಂತರ ಮುಂಡಗೋಡಕ್ಕೆ ಬಂದು, ಕಾಡು ಕಡಿದು ಗೋವಿನಜೋಳ ಬಿತ್ತಿದರು.

ಅದೇ ಡ್ರೆಪುಂಗ್ ಮಠದಲ್ಲಿ ಟಿಬೆಟಿನಲ್ಲಿ ಓದುತ್ತಿದ್ದ ಪಾಲ್ದೆನ್ ಗ್ಯಾತ್ಸೊ ಎಂಬ ಲಾಮಾ ಗಡಿ ದಾಟಲಿಲ್ಲ. ಅವರು 1959ರಲ್ಲಿ ಬಂಧನವಾದರು. ಚೀನಾದ ಜೈಲು ಮತ್ತು ದುಡಿಮೆಯ ಶಿಬಿರಗಳಲ್ಲಿ 33 ವರ್ಷ ಕಳೆದರು. ಬಾಯೊಳಗೆ ವಿದ್ಯುತ್ ಲಾಠಿ ತುರುಕಿದ್ದರಿಂದ ಹಲ್ಲು ಉದುರಿದವು. 1992ರಲ್ಲಿ ಬಿಡುಗಡೆಯಾಗಿ ಭಾರತಕ್ಕೆ ಬಂದರು, 1995ರಲ್ಲಿ ಜಿನೀವಾದಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕು ಆಯೋಗದ ಮುಂದೆ ಎಲ್ಲವನ್ನೂ ಹೇಳಿದರು. 2018ರಲ್ಲಿ ಧರ್ಮಶಾಲಾದಲ್ಲಿ ತೀರಿಕೊಂಡರು.

ಇದು ದೂರದ ಮಾತು ಅನ್ನಬೇಡಿ. ನಮ್ಮ ಕಾನೂನಿನ ಪ್ರಕಾರ ಜೈಲಿಗೆ ಹೋದವನು ಕಳೆದುಕೊಳ್ಳುವುದು ತಿರುಗಾಡುವ ಸ್ವಾತಂತ್ರ್ಯವನ್ನು. ಊಟ, ಔಷಧ, ವಕೀಲ, ಮನೆಯವರ ಭೇಟಿ ಇವನ್ನಲ್ಲ. ಹಾಗಂತ ಎಲ್ಲಾ ಸರಿಯಾಗಿ ನಡೆಯುತ್ತದೆ ಅಂತ ನಾವು ಹೇಳುವುದಿಲ್ಲ. 2022ರ ಕೊನೆಗೆ ದೇಶದ ಜೈಲುಗಳಲ್ಲಿ 5,73,220 ಮಂದಿ ಇದ್ದರು. ಅವರಲ್ಲಿ ನೂರಕ್ಕೆ 75ಕ್ಕಿಂತ ಹೆಚ್ಚು ಜನ ವಿಚಾರಣಾಧೀನ ಕೈದಿಗಳು, ಅಂದರೆ ತಪ್ಪು ಮಾಡಿದ್ದಾರೆ ಅಂತ ಕೋರ್ಟು ಇನ್ನೂ ಹೇಳದೇ ಇರುವವರು. ಜಾಮೀನಿಗೆ ಹಣ ಇಲ್ಲ, ಜಾಮೀನುದಾರ ಇಲ್ಲ, ಮನೆಯಲ್ಲಿ ಕೇಳುವವರಿಲ್ಲ, ಅಷ್ಟಕ್ಕೇ ಒಳಗೆ ಉಳಿದವರು ಎಷ್ಟೋ!

ಆದ್ದರಿಂದ ಕೆಲವು ವಿಷಯ ನೆನಪಿಡಿ. ಬಂಧಿಸಿದವರನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ತರಲೇಬೇಕು (ದಾರಿಯ ಸಮಯ ಬಿಟ್ಟು). ಯಾಕೆ ಬಂಧಿಸಿದರು ಅಂತ ಅವರಿಗೆ ಹೇಳಬೇಕು, ಮನೆಗೂ ತಿಳಿಸಬೇಕು. ಹೊತ್ತು ಮುಳುಗಿದ ಮೇಲೆ, ಹೊತ್ತು ಹುಟ್ಟುವ ಮೊದಲು ಹೆಂಗಸರನ್ನು ಬಂಧಿಸುವ ಹಾಗಿಲ್ಲ. ತೀರಾ ವಿಶೇಷ ಕಾರಣವಿದ್ದರೆ ಮ್ಯಾಜಿಸ್ಟ್ರೇಟರ ಅನುಮತಿ ಪಡೆದು ಮಹಿಳಾ ಪೊಲೀಸ್ ಅಧಿಕಾರಿಯೇ ಬರಬೇಕು. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಇನ್ನೊಂದು ಮುಖ್ಯ ಮಾತಿದೆ: ಮೊದಲ ಸಲ ಸಿಕ್ಕಿಬಿದ್ದ ವಿಚಾರಣಾಧೀನ ಕೈದಿ, ಆ ಅಪರಾಧಕ್ಕಿರುವ ಅತಿ ಹೆಚ್ಚಿನ ಶಿಕ್ಷೆಯ ಮೂರನೇ ಒಂದು ಭಾಗ ಒಳಗೆ ಕಳೆದಿದ್ದರೆ ಬಿಡುಗಡೆಗೆ ಅರ್ಹ. ಸಾಧಾರಣ ಕಳವಿಗೆ ಹೆಚ್ಚೆಂದರೆ ಮೂರು ವರ್ಷ, ಅಂದರೆ ಒಂದು ವರ್ಷ ತುಂಬಿದರೆ ಸಾಕು. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆ ಇರುವ ಕೇಸುಗಳಿಗೆ, ಬೇರೆ ಕೇಸೂ ಬಾಕಿ ಇರುವವರಿಗೆ ಇದು ಅನ್ವಯಿಸದು.

ತಾಯಿ ಜೈಲಿನಲ್ಲಿದ್ದರೆ ಆರು ವರ್ಷದೊಳಗಿನ ಮಗು ಅವಳ ಜೊತೆ ಇರಬಹುದು. ಅಲ್ಲೇ ಹುಟ್ಟಿದ ಮಗುವಿನ ಜನನ ಪತ್ರದಲ್ಲಿ 'ಜೈಲು' ಅಂತ ಬರೆಯಬಾರದು, ಊರಿನ ವಿಳಾಸ ಬರೆಯಬೇಕು ಅಂತ ಸುಪ್ರೀಂ ಕೋರ್ಟು 2006ರಲ್ಲಿ ಹೇಳಿದೆ. ಒಂದು ಸಾಲಿನ ವಿಷಯ, ಆದರೆ ಆ ಮಗು ಶಾಲೆಗೆ ಸೇರುವ ದಿನ ಅದರ ಬೆಲೆ ತಿಳಿಯುತ್ತದೆ.

ಈಗ ನಮ್ಮ ಸಂಘಕ್ಕೆ ಬರೋಣ. ಸದಸ್ಯೆಯೊಬ್ಬಳ ಗಂಡ ಒಳಗೆ ಹೋದ ಅಂದುಕೊಳ್ಳಿ. ಮೊದಲ ವಾರ ಉಳಿತಾಯ ನಿಲ್ಲುತ್ತದೆ, ಮೂರನೇ ವಾರ ಅವಳು ಸಭೆಗೇ ಬರುವುದಿಲ್ಲ, ನಾಚಿಕೆ. 'ಕಂತು ಕಟ್ಟದವಳನ್ನು ತೆಗೆದುಹಾಕಿ' ಅಂತ ಯಾರೋ ಹೇಳುತ್ತಾರೆ. ಆದರೆ ಕೇಸು ಇರುವುದು ಗಂಡನ ಮೇಲೆ, ಅವಳ ಮೇಲಲ್ಲ! ಅವಳ ಕಂತಿಗೆ ಎರಡು ತಿಂಗಳ ಗಡುವು ಕೊಟ್ಟು ನಿರ್ಣಯ ಪುಸ್ತಕದಲ್ಲಿ ಬರೆಯಿರಿ. ಪ್ರತಿನಿಧಿಗಳಿಬ್ಬರು ಅವಳ ಜೊತೆ ತಾಲೂಕು ಕೋರ್ಟಿನ ಕಾನೂನು ಸೇವಾ ಸಮಿತಿಗೆ ಹೋಗಿ ಬನ್ನಿ. ಹೆಂಗಸರಿಗೂ, ಬಂಧನದಲ್ಲಿ ಇರುವವರಿಗೂ ಅಲ್ಲಿ ವಕೀಲರು ಉಚಿತ, ಆದಾಯ ಎಷ್ಟು ಅಂತ ನೋಡುವುದಿಲ್ಲ. ಹೋಗಲು ಆಗದಿದ್ದರೆ 15100ಕ್ಕೆ ಫೋನ್ ಮಾಡಿ, ಅದಕ್ಕೆ ದುಡ್ಡು ಹತ್ತುವುದಿಲ್ಲ. ಆಧಾರ್ ಕಾರ್ಡಿನ ಝೆರಾಕ್ಸ್ ಮತ್ತು ಎಫ್‌ಐಆರ್ ಪ್ರತಿ ಇದ್ದರೆ ಜೊತೆಗೆ ಒಯ್ಯಿರಿ.