ಭಾಷಾಸಮಿತಿ: ಕೇಳುವವರ ಮನವನ್ನರಿತು ಆಡುವ ಮಾತು



ದಶಲಕ್ಷಣ ಪರ್ವದ ಹತ್ತು ದಿನಗಳಲ್ಲಿ ದಿನಕ್ಕೊಂದು ಅಧ್ಯಾಯದಂತೆ ತತ್ತ್ವಾರ್ಥಸೂತ್ರದ ಹತ್ತು ಅಧ್ಯಾಯಗಳ ವಾಚನ-ಪ್ರವಚನ ನಡೆಯುವುದು ನಮ್ಮ ಬಸದಿಗಳ ರೂಢಿ. ಉಮಾಸ್ವಾಮಿ ಆಚಾರ್ಯರ ಸೂತ್ರಗಳು ಚಿಕ್ಕವು, ಅನೇಕರಿಗೆ ಕಂಠಪಾಠವಾಗಿವೆ. ಕಂಠಪಾಠವಾದುದರಿಂದಲೇ ಅವು ನಮ್ಮನ್ನು ಉದ್ದೇಶಿಸಿ ಆಡಿದ ಮಾತುಗಳೆಂಬುದು ಎಷ್ಟೋ ವೇಳೆ ಮರೆತುಹೋಗುತ್ತದೆ. ಏಳನೆಯ ಅಧ್ಯಾಯದ ಎರಡು ಸೂತ್ರಗಳು ನನ್ನನ್ನೇ ಕುರಿತವೆಂದು ತಿಳಿದ ಪ್ರಸಂಗವನ್ನು ಮೊದಲು ನಿವೇದಿಸುತ್ತೇನೆ. ಅದು ನನಗೆ ಶೋಭೆ ತರುವಂಥದಲ್ಲ.

ಕೆಲವು ವರ್ಷಗಳ ಹಿಂದೆ ಅಕ್ಕಲಕೋಟೆ ತಾಲೂಕಿನ ಒಂದು ಬಸದಿಯಲ್ಲಿ ಪರ್ವದ ಪೂರ್ವಸಿದ್ಧತೆಗಾಗಿ ಸಭೆ ಸೇರಿತ್ತು. ಸೊಲ್ಲಾಪುರದಲ್ಲಿ ನೆಲೆಸಿದ ಮನೆತನಗಳ ಮಕ್ಕಳು ಮರಾಠಿ ಅಥವಾ ಇಂಗ್ಲಿಷ್ ಮಾಧ್ಯಮದಲ್ಲಿ ಓದುತ್ತಾರೆ. ಪರ್ವಕ್ಕೆ ಸುಮಾರು 40 ಕಿಲೋಮೀಟರ್ ದಾಟಿ ಊರಿಗೆ ಬಂದರೆ ರಾತ್ರಿಯ ಕನ್ನಡ ಪ್ರವಚನ ಅವರಿಗೆ ಅರ್ಥವಾಗದು. ಆದ್ದರಿಂದ ಆರತಿಯ ನಂತರದ ಶಾಸ್ತ್ರಪ್ರವಚನವನ್ನು ಮರಾಠಿಯಲ್ಲಿ ಮಾಡಿಸಬೇಕೆಂದು ನಾನು ಸೂಚಿಸಿದೆನು. ಬಹುಮಂದಿ ಒಪ್ಪಿದರು. ಹಿರಿಯರೊಬ್ಬರು ಮಾತ್ರ, ಕನ್ನಡದಲ್ಲಿಯೇ ಇರಲಿ, ಎಂದರು. ಕಾರಣ ಹೇಳಲಿಲ್ಲ. ಮತ್ತೆ ಕೇಳಿದಾಗ ತಲೆ ತಗ್ಗಿಸಿ ಅದನ್ನೇ ನುಡಿದರು.

ಅವರ ಮಗ ಕೆಲವು ವರ್ಷಗಳಿಂದ ಆ ಶಾಸ್ತ್ರವನ್ನು ಓದುತ್ತಿದ್ದನು. ನಾನು ಎದ್ದು ನಿಂತು, "ಕಾಕಾ, ನಿಮ್ಮ ಮನಸ್ಸಿನಾಗ ಏನದ ಅಂತ ಎಲ್ಲಾರಿಗೂ ಗೊತ್ತದ. ಮರಾಠಿ ಬಂದರ ಮಗನ ಗಾದಿ ಹೋಗತದ ಅಂತ ನಿಮಗ ಚಿಂತಿ" ಎಂದುಬಿಟ್ಟೆ. ಸಭೆಯಲ್ಲಿ ನಾಲ್ಕಾರು ಜನ ನಕ್ಕರು. ಹಿರಿಯರು ಟೊಪ್ಪಿಗೆಯನ್ನು ತಲೆಗಿಟ್ಟುಕೊಂಡು ಎದ್ದು ಹೋದರು. ನನ್ನ ಸೂಚನೆ ಅಂಗೀಕೃತವಾಯಿತು. ಆ ವರ್ಷ ಪರ್ವದ ಮೊದಲ ಆರು ದಿನ ಅವರ ಮನೆಯಿಂದ ಯಾರೂ ರಾತ್ರಿ ಬಸದಿಗೆ ಬರಲಿಲ್ಲ.

ಏಳನೆಯ ದಿನ ಏಳನೆಯ ಅಧ್ಯಾಯ ಬಂದಿತು. ಸತ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಆಚಾರ್ಯರು ಹೇಳಿದ್ದಾರೆ: ಮಿಥ್ಯೋಪದೇಶ, ರಹೋಭ್ಯಾಖ್ಯಾನ, ಕೂಟಲೇಖಕ್ರಿಯೆ, ನ್ಯಾಸಾಪಹಾರ, ಸಾಕಾರಮಂತ್ರಭೇದ. ಸುಳ್ಳು ಉಪದೇಶ, ಏಕಾಂತದ ಗುಟ್ಟನ್ನು ಹೊರಗೆಡಹುವುದು, ಸುಳ್ಳು ದಸ್ತಾವೇಜು, ಇಟ್ಟ ಒತ್ತೆಯನ್ನು ನುಂಗುವುದು ಇವು ಯಾರಿಗೂ ತಿಳಿಯುವ ದೋಷಗಳು. ಐದನೆಯದು ಸೂಕ್ಷ್ಮ. ಸಂದರ್ಭ, ದೇಹದ ಚಲನೆ, ಹುಬ್ಬಿನ ಏರಿಳಿತ ಮುಂತಾದವುಗಳಿಂದ ಪರರ ಅಂತರಂಗದ ಆಶಯವನ್ನು ಊಹಿಸಿ ಅಸೂಯಾದಿ ಕಾರಣಗಳಿಂದ ಅದನ್ನು ಪ್ರಕಟಿಸುವುದೇ ಸಾಕಾರಮಂತ್ರಭೇದವೆಂದು ದೇವನಂದಿ ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ವಿವರಿಸಿದ್ದಾರೆ.

ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಊಹೆ ತಪ್ಪಾಗಿದ್ದರೆ ಅದು ನೇರವಾಗಿ ಅಸತ್ಯವೇ ಆಯಿತು. ಅದಕ್ಕೆ ಬೇರೆ ಹೆಸರು ಬೇಡ. ಊಹೆ ಸರಿಯಾಗಿದ್ದರೂ, ಹೇಳಿದ್ದು ನಿಜವೇ ಆಗಿದ್ದರೂ, ಅದನ್ನು ಹೊರಗೆ ಹಾಕಿದ್ದು ಸತ್ಯವ್ರತಕ್ಕೆ ಕಲೆ ಎಂಬುದು ಈ ಸೂತ್ರದ ವಿಶೇಷ. "ಇದ್ದದ್ದನ್ನು ಇದ್ದ ಹಾಗೆ ಹೇಳುವವನು ನಾನು" ಎಂದು ಎದೆ ತಟ್ಟಿಕೊಳ್ಳುವ ನಮ್ಮಂಥವರಿಗೆ ಇಲ್ಲಿ ಆಶ್ರಯವಿಲ್ಲ.

ಮರುದಿನ ಹಿರಿಯರ ಮನೆಗೆ ಹೋದೆನು. ಅವರು ಮುನಿಸು ತೋರಲಿಲ್ಲ, ಕೂಡ್ರಿಸಿ ಮಾತಾಡಿದರು. "ಕಣ್ಣು ಹೋದ ಮ್ಯಾಲ ನಿಮ್ಮ ಕಾಕು ಮನೀ ಬಿಟ್ಟು ಹೊರಗ ಬರೂದು ಅದೊಂದ ತಾಸು, ತಮ್ಮಾ. ಆಕೀಗೆ ಮರಾಠಿ ತಿಳಿಯೂದಿಲ್ಲ. ಕುರುಡಿ ಅಂತ ಸಭಾದಾಗ ಹ್ಯಾಂಗ ಹೇಳಲಿ?" ಎಂದರು. ಸ್ವಲ್ಪ ಹೊತ್ತು ಬಿಟ್ಟು ತಾವೇ ಮುಂದುವರಿಸಿದರು: "ಮಗಾ ಓದಲಿ ಅನ್ನೂ ಆಸೆನೂ ಇತ್ತು. ಇಲ್ಲ ಅನ್ನೂದಿಲ್ಲ. ಆದ್ರ ಅದನ್ನ ನೀ ನನಗ ಕೇಳಬೇಕಿತ್ತು, ಮಂದಿಗೆ ಹೇಳಬಾರದಿತ್ತು."

ಅಂದರೆ ನನ್ನ ಊಹೆಯಲ್ಲಿ ಒಂದು ಪಾಲು ನಿಜವಿತ್ತು. ಮನುಷ್ಯನ ಒಂದು ನಡೆಗೆ ಒಂದೇ ಉದ್ದೇಶವಿರುವುದು ವಿರಳ. ಪತ್ನಿಯ ಮೇಲಿನ ಕರುಣೆಯೂ ಮಗನ ಮೇಲಿನ ಮೋಹವೂ ಒಂದೇ ಮಾತಿನೊಳಗೆ ಇದ್ದವು. ನಾನು ನನಗೆ ಅನುಕೂಲವಾದುದನ್ನು ಹೆಕ್ಕಿ ಸಭೆಯ ಮುಂದಿಟ್ಟಿದ್ದೆ.

ಹಾಗೆ ಹೆಕ್ಕಿದ್ದೇಕೆ? ಈ ಪ್ರಶ್ನೆಗೆ ಅದೇ ಅಧ್ಯಾಯದ ಇನ್ನೊಂದು ಸೂತ್ರ ಉತ್ತರ ಕೊಡುತ್ತದೆ. ಸತ್ಯವ್ರತದ ಐದು ಭಾವನೆಗಳು: ಕ್ರೋಧ, ಲೋಭ, ಭೀರುತ್ವ, ಹಾಸ್ಯ ಈ ನಾಲ್ಕರ ತ್ಯಾಗ ಮತ್ತು ಐದನೆಯದಾಗಿ ಅನುವೀಚಿಭಾಷಣ, ಅಂದರೆ ವಿಚಾರಪೂರ್ವಕವಾಗಿ ನಿರವದ್ಯವಾದುದನ್ನು ಆಡುವುದು. ಎದುರಿನವನ ಉದ್ದೇಶವನ್ನು ಅಳೆಯುವ ವಿದ್ಯೆಯನ್ನು ಆಚಾರ್ಯರು ಇಲ್ಲಿ ಕಲಿಸಲಿಲ್ಲ. ಆಡುವವನ ಉದ್ದೇಶಗಳ ಪಟ್ಟಿಯನ್ನು ಕೊಟ್ಟರು. ಕ್ರೋಧದಿಂದಲೂ ಲೋಭದಿಂದಲೂ ಸುಳ್ಳು ಹುಟ್ಟುವುದು ಎಲ್ಲರಿಗೂ ಗೊತ್ತು. ಭಯ ಮತ್ತು ನಗೆಗಳನ್ನು ಅವುಗಳ ಸಾಲಿನಲ್ಲಿಯೇ ಕೂಡ್ರಿಸಿದ್ದು ಚಿಂತನೀಯ. ಆ ದಿನ ನನಗೆ ಹಿರಿಯರ ಮೇಲೆ ಕೋಪವಿರಲಿಲ್ಲ, ನನಗೆ ಲಾಭವೂ ಇರಲಿಲ್ಲ. ನನ್ನ ಸೂಚನೆ ಬಿದ್ದುಹೋದೀತೆಂಬ ಅಂಜಿಕೆಯಿತ್ತು. ನಾಲ್ಕು ಜನರನ್ನು ನಗಿಸುವ ಚಪಲವಿತ್ತು. ಮನೆಯಲ್ಲಿ ಮಗನು ಅಂಕ ಕಡಿಮೆ ಬಂದದ್ದನ್ನು ಮುಚ್ಚಿಡುವುದೂ, ಸೊಸೆ ತವರಿಗೆ ಹೋಗುವ ಮಾತನ್ನು ಕೊನೆಯ ಗಳಿಗೆಗೆ ಎತ್ತುವುದೂ ಬಹುತೇಕ ಭಯದಿಂದಲೇ. ನಾವು ಅದನ್ನು ಕಪಟವೆಂದು ಓದುತ್ತೇವೆ. ಭಯವನ್ನು ಕಪಟವೆಂದು ಓದಿ ಗದರಿಸಿದರೆ ಭಯ ಇಮ್ಮಡಿಸುತ್ತದೆ, ಮಾತು ಮತ್ತಷ್ಟು ಮುಚ್ಚಿಕೊಳ್ಳುತ್ತದೆ.

ದಶಧರ್ಮಗಳ ಕ್ರಮವನ್ನೂ ನೋಡಬಹುದು. ಸೂತ್ರದ ಅನುಕ್ರಮದಲ್ಲಿ ಉತ್ತಮ ಸತ್ಯ ಐದನೆಯದು. ಕ್ರೋಧವನ್ನು ಗೆಲ್ಲುವ ಕ್ಷಮೆ, ಮಾನವನ್ನು ಗೆಲ್ಲುವ ಮಾರ್ದವ, ಮಾಯೆಯನ್ನು ಗೆಲ್ಲುವ ಆರ್ಜವ, ಲೋಭವನ್ನು ಗೆಲ್ಲುವ ಶೌಚ ಇವು ಮೊದಲು. ನಾಲ್ಕು ಕಷಾಯಗಳು ತಗ್ಗಿದ ಮೇಲೆಯೇ ಸತ್ಯದ ಸರದಿ.

ಹಾಗಾದರೆ ಪರರ ಮನಸ್ಸನ್ನು ಅರಿಯಲೇ ಬಾರದೆ? ಅರಿಯಬೇಕು, ಅರಿತುದನ್ನು ಏನು ಮಾಡುತ್ತೇವೆಂಬುದೇ ಪ್ರಶ್ನೆ. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಸ್ಥಿತೀಕರಣಕ್ಕೆ ಉದಾಹರಣೆಯಾಗಿ ಶ್ರೇಣಿಕ ಮಹಾರಾಜನ ಪುತ್ರ ವಾರಿಷೇಣ ಮುನಿಯ ಕಥೆಯನ್ನು ಹೇಳುತ್ತಾರೆ. ಆತನ ಮಿತ್ರ ಪುಷ್ಪಡಾಲನು ಸ್ನೇಹದ ದಾಕ್ಷಿಣ್ಯಕ್ಕೆ ದೀಕ್ಷೆ ಪಡೆದವನು. ಹನ್ನೆರಡು ವರ್ಷ ಕಳೆದರೂ ಮನಸ್ಸು ಮನೆಯಲ್ಲಿದ್ದ ಪತ್ನಿಯ ಕಡೆಗೇ. ಇದು ವಾರಿಷೇಣನಿಗೆ ತಿಳಿಯಿತು. ಆತನು ಸಂಘದ ಮುಂದೆ ಇದನ್ನು ಎತ್ತಲಿಲ್ಲ, ಉಪದೇಶವನ್ನೂ ಮಾಡಲಿಲ್ಲ. ಮಿತ್ರನನ್ನು ಕರೆದುಕೊಂಡು ನೇರವಾಗಿ ತನ್ನ ಅರಮನೆಗೆ ಬಂದನು. ಮಗನು ಚಾರಿತ್ರದಿಂದ ಜಾರಿದನೋ ಎಂದು ತಾಯಿ ಚೇಲನಾದೇವಿಗೆ ಸಂಶಯ. ಆಕೆಯೂ ಬಾಯಿಬಿಟ್ಟು ಆಪಾದಿಸಲಿಲ್ಲ. ಭೋಗಿಗೆ ತಕ್ಕ ಆಸನವೊಂದನ್ನು, ವಿರಾಗಿಗೆ ತಕ್ಕ ಆಸನವೊಂದನ್ನು ಇರಿಸಿ ಸುಮ್ಮನಾದಳು. ಮಗನು ವಿರಾಗಿಯ ಆಸನದಲ್ಲಿ ಕುಳಿತನು. ತಾಯಿಗೆ ಉತ್ತರ ದೊರೆಯಿತು. ಬಳಿಕ ವಾರಿಷೇಣನು ತನ್ನ ಅಂತಃಪುರದವರನ್ನು ಸಾಲಂಕೃತರಾಗಿ ಬರಹೇಳಿ, ಇವರನ್ನೂ ನನ್ನ ಯುವರಾಜ ಪದವಿಯನ್ನೂ ನೀನೇ ಸ್ವೀಕರಿಸು ಎಂಬರ್ಥದ ಮಾತನ್ನು ಮಿತ್ರನಿಗೆ ಹೇಳಿದನು. ಇಷ್ಟನ್ನು ಬಿಟ್ಟುಬಂದವನ ಜೊತೆಯಲ್ಲಿದ್ದು ತಾನು ಹಂಬಲಿಸುತ್ತಿರುವುದೇನನ್ನು ಎಂದು ಪುಷ್ಪಡಾಲನಿಗೆ ತಾನಾಗಿಯೇ ಹೊಳೆಯಿತು. ಆತನು ಪ್ರಾಯಶ್ಚಿತ್ತ ಪಡೆದು ಸ್ಥಿರನಾದನು. ಈ ಕಥೆಯಲ್ಲಿ ನನಗೆ ತಾಯಿಯ ಎರಡು ಆಸನಗಳೇ ಹೆಚ್ಚು ಮೆಚ್ಚುಗೆ. ಸಂಶಯ ಬಂದಾಗ ಎದುರಿನವನು ಅಪಮಾನವಿಲ್ಲದೆ ಉತ್ತರ ಕೊಡಬಹುದಾದ ದಾರಿಯನ್ನು ಆಕೆ ತೆರೆದಿಟ್ಟಳು.

ಪುರಾಣದ ಮಾತು ಇರಲಿ. ನಮ್ಮ ಸೊಲ್ಲಾಪುರದಲ್ಲಿಯೇ ಇದಕ್ಕೆ ನಿದರ್ಶನವಿದೆ. ಬ್ರಹ್ಮಚಾರಿ ಜೀವರಾಜ ಗೌತಮಚಂದ ದೋಶಿಯವರು 1940ರಲ್ಲಿ ತಮ್ಮ ನ್ಯಾಯಾರ್ಜಿತ ಸಂಪತ್ತನ್ನು ಧರ್ಮ ಮತ್ತು ಸಮಾಜದ ಉನ್ನತಿಗೆ ವಿನಿಯೋಗಿಸಲು ನಿಶ್ಚಯಿಸಿದರು. ಹಣವುಳ್ಳವರು ತಮಗೆ ಸರಿಕಂಡದ್ದನ್ನು ಘೋಷಿಸಿಬಿಡುವುದು ಲೋಕರೂಢಿ. ಅವರು ಹಾಗೆ ಮಾಡಲಿಲ್ಲ. ದೇಶವನ್ನೆಲ್ಲ ಸುತ್ತಿ, ಯಾವ ಕಾರ್ಯಕ್ಕೆ ಈ ದ್ರವ್ಯ ಸಲ್ಲಬೇಕೆಂದು ಜೈನ ವಿದ್ವಾಂಸರ ಅಭಿಪ್ರಾಯಗಳನ್ನು ಬಾಯಿಮಾತಿನಲ್ಲಿಯೂ ಬರಹದಲ್ಲಿಯೂ ಸಂಗ್ರಹಿಸಿದರು. 1941ರ ಬೇಸಿಗೆಯಲ್ಲಿ ನಾಸಿಕದ ಬಳಿಯ ಗಜಪಂಥಾ ಕ್ಷೇತ್ರದಲ್ಲಿ ವಿದ್ವಾಂಸರನ್ನು ಒಂದೆಡೆ ಸೇರಿಸಿ ಚರ್ಚೆಗೆ ಇಟ್ಟರು. ಆ ಸಮ್ಮೇಳನದ ಫಲವೇ ಜೈನ ಸಂಸ್ಕೃತಿ ಸಂರಕ್ಷಕ ಸಂಘ. ಮೊದಲು 30,000 ರೂಪಾಯಿಗಳ ದಾನವನ್ನು ಘೋಷಿಸಿದ ಅವರು, 1944ರಲ್ಲಿ ಸುಮಾರು 2 ಲಕ್ಷದ ತಮ್ಮ ಸಮಸ್ತ ಸಂಪತ್ತನ್ನು ಸಂಘಕ್ಕೆ ಟ್ರಸ್ಟಿನ ರೂಪದಲ್ಲಿ ಅರ್ಪಿಸಿದರು. 1957ರ ಜನವರಿಯಲ್ಲಿ ದಿವಂಗತರಾದರು.

ಮೊದಲು ಕೇಳಿ ಆಮೇಲೆ ಕೊಟ್ಟುದರ ಪರಿಣಾಮ ಜೀವರಾಜ ಜೈನ ಗ್ರಂಥಮಾಲೆಯಲ್ಲಿ ಕಾಣುತ್ತದೆ. ಬೆಳಗಾವಿ ಜಿಲ್ಲೆಯ ಸದಲಗಾದವರಾದ ಡಾ. ಆ. ನೇ. ಉಪಾಧ್ಯೆ ಮತ್ತು ಹಿಂದೀ ಪ್ರಾಂತದ ಡಾ. ಹೀರಾಲಾಲ ಜೈನ ಜೊತೆಗೂಡಿ ಸಂಪಾದಿಸಿದ ಪ್ರಾಕೃತದ ತಿಲೋಯಪಣ್ಣತ್ತಿಯು 1943 ಮತ್ತು 1951ರಲ್ಲಿ ಎರಡು ಭಾಗಗಳಾಗಿ ಸೊಲ್ಲಾಪುರದಿಂದ ಪ್ರಕಟವಾಯಿತು. 1949ರಲ್ಲಿ ಅಸ್ಸಾಮಿನ ಕೃಷ್ಣಕಾಂತ ಹಂದಿಕೈ ಅವರು ಯಶಸ್ತಿಲಕವನ್ನು ಕುರಿತು ಬರೆದ ಇಂಗ್ಲಿಷ್ ಗ್ರಂಥವೂ, 1957ರಲ್ಲಿ ಪಿ. ಬಿ. ದೇಸಾಯಿಯವರ ದಕ್ಷಿಣ ಭಾರತದ ಜೈನ ಶಾಸನಗಳ ಗ್ರಂಥವೂ ಇಲ್ಲಿಂದಲೇ ಹೊರಬಂದವು. ಇಷ್ಟು ಭಿನ್ನ ನಾಡುಗಳ ಪಂಡಿತರನ್ನು ಒಂದೆಡೆ ತಂದದ್ದು ಹಣವೊಂದೇ ಎಂದು ನಾನು ನಂಬಲಾರೆ. ತಮ್ಮನ್ನು ಕೇಳಲಾಗಿದೆ ಎಂದು ಬಲ್ಲವನು ಕರೆದಾಗ ಬರುತ್ತಾನೆ.

ಇನ್ನು ಭಾಷೆಯ ವಿಷಯ. ಭಾಷಾಸಮಿತಿಯನ್ನು ಹೇಳಿದ್ದು ಮುನಿಗಳಿಗಾದರೂ ಅದರ ಅಂಶ ಶ್ರಾವಕರಿಗೂ ಸಲ್ಲುತ್ತದೆ. ವಾಡಿಕೆಯಲ್ಲಿ ಹಿತ, ಮಿತ, ಪ್ರಿಯ ಎನ್ನುತ್ತೇವೆ. ಅಕಲಂಕ ದೇವರು ರಾಜವಾರ್ತಿಕದಲ್ಲಿ ಕೊಟ್ಟ ಲಕ್ಷಣದಲ್ಲಿ ಹಿತ, ಮಿತಗಳ ಜೊತೆಗೆ ಇರುವುದು ಅಸಂದಿಗ್ಧ, ಅಂದರೆ ಕೇಳುವವನಿಗೆ ಸಂದೇಹಕ್ಕೆ ಎಡೆಯಿಲ್ಲದಂತೆ ಆಡುವುದು. ಈ ಮೂರನೆಯದು ಸೊಲ್ಲಾಪುರ ಸೀಮೆಯ ನಮಗೆ ವಿಶೇಷವಾಗಿ ಬೇಕಾದುದು. ಒಂದೇ ಪಂಕ್ತಿಯಲ್ಲಿ ಕನ್ನಡ, ಮರಾಠಿ, ಗುಜರಾತಿ, ಹಿಂದಿ ಆಡುವವರು ಊಟಕ್ಕೆ ಕುಳಿತಿರುತ್ತಾರೆ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಕಾವೇರಿಯಿಂದ ಗೋದಾವರಿಯವರೆಗಿನ ನಾಡಿನ ಜನರನ್ನು ಹೊಗಳುವಾಗ ಹದವರಿತು ನುಡಿಯುವ ಗುಣವನ್ನೂ ನುಡಿದುದನ್ನು ಅರಿತು ವಿಚಾರಿಸುವ ಗುಣವನ್ನೂ ಜೊತೆಯಾಗಿ ಎಣಿಸುತ್ತದೆ. ಸೊಲ್ಲಾಪುರ, ಅಕ್ಕಲಕೋಟೆಗಳು ಆ ಎರಡು ನದಿಗಳ ನಡುವೆಯೇ ಇವೆ.

ಭಗವಂತನ ದಿವ್ಯಧ್ವನಿಯು 18 ಮಹಾಭಾಷೆ ಮತ್ತು 700 ಕಿರುಭಾಷೆಗಳವರಿಗೆ ಅವರವರ ನುಡಿಯಾಗಿ ತಿಳಿಯುತ್ತಿತ್ತೆಂದು ತಿಲೋಯಪಣ್ಣತ್ತಿ ಹೇಳುತ್ತದೆ. ಶ್ವೇತಾಂಬರ ಪರಂಪರೆಯಲ್ಲಿಯೂ ಅರ್ಧಮಾಗಧಿಯು ಕೇಳುವವರ ಭಾಷೆಯಾಗಿ ಪರಿಣಮಿಸುತ್ತಿತ್ತೆಂಬ ನಂಬಿಕೆಯಿದೆ. ಕೇವಲಜ್ಞಾನವಾದ ಮೇಲೂ ಯೋಗ್ಯ ಗಣಧರನು ದೊರೆಯುವ ತನಕ ಮಹಾವೀರ ಸ್ವಾಮಿಯ ವಾಣಿ 66 ದಿನ ಹೊರಡಲಿಲ್ಲವೆಂಬುದು ದಿಗಂಬರ ಪರಂಪರೆ. ಸರ್ವಜ್ಞನ ಮಾತೂ ಕೇಳುವವನಿಗಾಗಿ ಕಾಯಿತು. ಈಚಿನ ಕಾಲಕ್ಕೆ ಬಂದರೆ, ಬೆಳಗಾವಿ ಜಿಲ್ಲೆಯ ಭೋಜ ಗ್ರಾಮದ ಮನೆತನದಲ್ಲಿ 1872ರಲ್ಲಿ ಜನಿಸಿದ ಚಾರಿತ್ರಚಕ್ರವರ್ತಿ ಆಚಾರ್ಯ ಶಾಂತಿಸಾಗರ ಮಹಾರಾಜರು 1955ರ ಸೆಪ್ಟೆಂಬರ್‌ನಲ್ಲಿ ಕುಂಥಲಗಿರಿಯಲ್ಲಿ ಸಲ್ಲೇಖನದ ನಡುವೆ ಕೊಟ್ಟ ಕೊನೆಯ ಉಪದೇಶ ಮರಾಠಿಯಲ್ಲಿತ್ತು. ನೀರಿನ ಆಧಾರವೂ ಕ್ಷೀಣಿಸಿದ್ದ ಆ ದೇಹದಲ್ಲಿ ಉಳಿದ ಶಕ್ತಿ ಎದುರಿಗೆ ಕುಳಿತಿದ್ದ ಜನರ ನುಡಿಯಲ್ಲಿ ವ್ಯಯವಾಯಿತು.

ಇದನ್ನು ನೆನೆದರೆ ನನ್ನ ಸೂಚನೆಯೇನೂ ತಪ್ಪಾಗಿರಲಿಲ್ಲ. ಮಕ್ಕಳಿಗೆ ಮರಾಠಿ ಬೇಕೇ ಇತ್ತು. ಹಿರಿಯರ ಮಾತೂ ತಪ್ಪಾಗಿರಲಿಲ್ಲ. ಕೇಳದೆ ನಿರ್ಣಯಿಸಿದ್ದರಿಂದ ಎರಡು ಸರಿಗಳು ಒಂದನ್ನೊಂದು ಸೋಲಿಸಬೇಕಾಯಿತು. ಕ್ಷಮಾವಾಣಿಯ ದಿನ ಸಭೆಯಲ್ಲಿ ನಾನು ಕ್ಷಮೆ ಕೇಳಿದೆನು. ಕಾಕುವಿನ ವಿಷಯವನ್ನು ಮಾತ್ರ ಎತ್ತಲಿಲ್ಲ, ಅದು ಅವರ ಮನೆಯ ಮಾತು. ಅದನ್ನು ಇಲ್ಲಿ ಬರೆಯಲು ಮನೆಯವರ ಒಪ್ಪಿಗೆಯನ್ನು ಕೇಳಿ ಪಡೆದಿದ್ದೇನೆ.

ಮರುವರ್ಷದಿಂದ ಆ ಬಸದಿಯಲ್ಲಿ ಮೊದಲ ಅರ್ಧ ತಾಸು ಕನ್ನಡ, ನಂತರ ಅರ್ಧ ತಾಸು ಮರಾಠಿ. ಕನ್ನಡವನ್ನು ಹಿರಿಯರ ಮಗನೇ ಓದುತ್ತಾನೆ. ಕನ್ನಡ ಮುಗಿದ ಮೇಲೆ ಕಾಕುವನ್ನು ಮನೆಗೆ ಕರೆದೊಯ್ಯಲು ಮೊಮ್ಮಗಳು ಎದ್ದರೆ, ಅವರು ಏಳುವುದಿಲ್ಲ. ಸೊಲ್ಲಾಪುರದಿಂದ ಬಂದ ಹುಡುಗರು ಯಾರಾದರೂ ಪಕ್ಕದಲ್ಲಿದ್ದರೆ ತೋಳು ಹಿಡಿದು, "ಈಗ ಏನಂದ್ರೋ?" ಎಂದು ಕೇಳುತ್ತಾರೆ. ಆ ಹುಡುಗರು ತಮಗೆ ಬಂದಷ್ಟು ಕನ್ನಡದಲ್ಲಿ ಹೇಳುತ್ತಾರೆ.