ಸಾಫ್ಟ್‌ಬಾಲ್ ಹುಡುಗಿಯ ಫೈಲಿನಲ್ಲಿ ಏನಿರಬೇಕು?

ನ್ಯಾಮತಿ ಕಡೆಯ ತಾಯಿಯೊಬ್ಬರು ಬೇಸಿಗೆಯ ಒಂದು ಮಧ್ಯಾಹ್ನ ನನ್ನ ಕಚೇರಿಗೆ ಬಂದಿದ್ದರು. ಕೈಯಲ್ಲಿ ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಚೀಲ. ಮಗಳು ಸಾಫ್ಟ್‌ಬಾಲ್ ತಂಡದ ಪಿಚರ್, ಎರಡು ಸಲ ರಾಜ್ಯಮಟ್ಟದಲ್ಲಿ ಆಡಿದವಳು. ಚೀಲದಿಂದ ಮೊದಲು ಪದಕಗಳು ಹೊರಬಂದವು, ಆಮೇಲೆ ಎರಡು ಸರ್ಟಿಫಿಕೇಟು. ಒಂದರಲ್ಲಿ ಹುಡುಗಿಯ ಇನಿಷಿಯಲ್ ತಪ್ಪು. ಇನ್ನೊಂದರಲ್ಲಿ ಕ್ರಮಸಂಖ್ಯೆಯೂ ಇಲ್ಲ, ಸೀಲೂ ಇಲ್ಲ. “ಪದಕ ಇದಾವಲ್ಲ ಸಾರ್, ಸಾಲಲ್ವಾ?” ಅಂದರು. ಸಾಲದು. ಪದಕ ಗೋಡೆಗೆ ಚೆಂದ. ಪರಿಶೀಲನೆಯ ಮೇಜಿನ ಮೇಲೆ ಕೂತವರು ಕೇಳುವುದು ಕಾಗದವನ್ನು.

ನಮ್ಮ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಯಲ್ಲಿ ಖೋಖೋಗೂ ಕಬಡ್ಡಿಗೂ ಇರುವ ಸಲುಗೆ ಸಾಫ್ಟ್‌ಬಾಲ್‌ಗೆ ಇನ್ನೂ ಬಂದಿಲ್ಲ. ಒಂಬತ್ತು ಜನರ ತಂಡ, ಏಳು ಇನ್ನಿಂಗ್ಸ್, ಸೊಂಟದ ಕೆಳಗಿನಿಂದ ತೋಳು ಸುತ್ತಿ ಎಸೆಯುವ ಚೆಂಡು. ಇಷ್ಟು ವಿವರಿಸುವಷ್ಟರಲ್ಲಿ ಊರವರು “ಅಂದರೆ ಕ್ರಿಕೆಟ್ಟೇ ತಾನೇ?” ಅನ್ನುತ್ತಾರೆ. ಆಟದ ಗುರುತು ಕಡಿಮೆ ಇರುವಲ್ಲಿ ಕಾಗದಪತ್ರ ಇನ್ನೂ ಗಟ್ಟಿಯಾಗಿರಬೇಕು. ಅಮೆರಿಕದಲ್ಲಿ ನೆಂಟರಿರುವವರು ಅಲ್ಲಿನ ಕತೆ ಹೇಳುವುದುಂಟು: ಹುಡುಗಿ ಹನ್ನೊಂದನೇ ತರಗತಿಗೆ ಬಂದ ವರ್ಷದ ಸೆಪ್ಟೆಂಬರ್ 1ರಿಂದ ಕಾಲೇಜು ಕೋಚ್‌ಗಳೇ ನೇರವಾಗಿ ಮಾತಾಡಿಸಬಹುದು. ಇಲ್ಲಿ ಯಾರೂ ಹುಡುಕಿಕೊಂಡು ಬರುವುದಿಲ್ಲ, ನಾವೇ ಅರ್ಜಿ ಹಾಕಬೇಕು.

ಮೊದಲಿಗೆ ಒಂದು ಭ್ರಮೆ ಕಳೆದುಕೊಳ್ಳೋಣ. ಆಡಿದ ಮಾತ್ರಕ್ಕೆ ಕಾಲೇಜು ಸೀಟು ಸಿಗಲೇಬೇಕೆಂಬ ಹಕ್ಕು ಯಾವ ಕಾನೂನಿನಲ್ಲೂ ಇಲ್ಲ. ಆದರೆ ಕ್ರೀಡಾ ಕೋಟಾ ಎಂದು ಸೀಟು ತೆಗೆದಿಟ್ಟ ಮೇಲೆ ಅದನ್ನು ಮನಬಂದಂತೆ ಹಂಚುವ ಹಾಗಿಲ್ಲ. ಸಂವಿಧಾನದ 14ನೇ ವಿಧಿ ಅಲ್ಲಿ ಬಂದು ನಿಲ್ಲುತ್ತದೆ. 2023ರಲ್ಲಿ ಚಂಡೀಗಢದ ಪಿಇಸಿ ಎಂಜಿನಿಯರಿಂಗ್ ಸಂಸ್ಥೆಯ ಮೇಲೆ ದೇವ್ ಗುಪ್ತಾ ಹೂಡಿದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೂ ಇದರ ಸುತ್ತಲಿನ ಮಾತೇ. ಕ್ರೀಡಾ ಕೋಟಾಕ್ಕೂ ಹನ್ನೆರಡನೇ ತರಗತಿಯಲ್ಲಿ ಶೇ. 75 ಅಂಕ ಬೇಕೆಂಬ ಷರತ್ತನ್ನು ನ್ಯಾಯಾಲಯ ತೆಗೆದುಹಾಕಿತು. ಕೋಟಾ ಇರುವುದು ಆಟವನ್ನು ಬೆಳೆಸಲಿಕ್ಕೆ, ಅಂಕಪಟ್ಟಿಯ ಇನ್ನೊಂದು ಜರಡಿಯಾಗಲಿಕ್ಕಲ್ಲ. ಕಾಲೇಜಿನವರು “ಪರ್ಸೆಂಟೇಜ್ ಕಮ್ಮಿ ಇದೆ ಕಣಮ್ಮ” ಎಂದು ಬಾಗಿಲಲ್ಲೇ ವಾಪಸ್ ಕಳಿಸಿದರೆ, ಆ ಷರತ್ತು ಎಲ್ಲಿ ಬರೆದಿದೆ ತೋರಿಸಿ ಎಂದು ಕೇಳಿ. ಹಾಗೆಂದು ಎಲ್ಲ ಕನಿಷ್ಠ ಅಂಕವೂ ಅಕ್ರಮ ಎಂದು ತಿಳಿಯಬೇಡಿ.

ಫೈಲು ಶುರುವಾಗಬೇಕಾದ್ದು ಪಿಯುಸಿಯಲ್ಲಲ್ಲ, ಹೈಸ್ಕೂಲಿನಲ್ಲಿ. ಶಾಲಾ ಕ್ರೀಡಾಕೂಟದ ದಾರಿ ಹೋಬಳಿ, ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಎಂದು ಮೇಲೇರುತ್ತದೆ. ದಾವಣಗೆರೆ ಜಿಲ್ಲೆ ಬೆಂಗಳೂರು ವಿಭಾಗಕ್ಕೆ ಸೇರಿದ್ದು. ರಾಷ್ಟ್ರಮಟ್ಟದ ಕೂಟವನ್ನು ಭಾರತೀಯ ಶಾಲಾ ಕ್ರೀಡಾ ಒಕ್ಕೂಟ 14, 17, 19 ವರ್ಷದೊಳಗಿನವರಿಗೆ ನಡೆಸುತ್ತದೆ. ಪ್ರತಿ ಹಂತ ಮುಗಿದ ವಾರದಲ್ಲೇ ಪಿ.ಟಿ. ಮೇಷ್ಟ್ರ ಮೂಲಕ ಸರ್ಟಿಫಿಕೇಟ್ ಪಡೆದು ಐದು ಸಂಗತಿ ನೋಡಿಕೊಳ್ಳಿ: ಹೆಸರು ಎಸ್ಸೆಸ್ಸೆಲ್ಸಿ ದಾಖಲೆಯಲ್ಲಿ ಇರುವಂತೆಯೇ ಇದೆಯೆ, ಹುಟ್ಟಿದ ದಿನಾಂಕ, ಕೂಟದ ಸ್ಥಳ ಮತ್ತು ತಾರೀಖು, ಭಾಗವಹಿಸಿದ್ದೋ ಗೆದ್ದದ್ದೋ ಎಂಬ ಸ್ಪಷ್ಟ ಮಾತು, ಸಹಿ–ಸೀಲು. ತಂಡದ ಪಟ್ಟಿಯ ಜೆರಾಕ್ಸ್ ಒಂದನ್ನೂ ಇಟ್ಟುಕೊಳ್ಳಿ. ಸರ್ಟಿಫಿಕೇಟ್ ಕಳೆದುಹೋದ ದಿನ ಆ ಪಟ್ಟಿಯೇ ಸಾಕ್ಷಿ.

ಹುಟ್ಟಿದ ದಿನಾಂಕದ ವಿಷಯದಲ್ಲಿ ನಮ್ಮ ಹಳ್ಳಿಗಳ ಹಳೇ ಚಾಳಿ ಎಲ್ಲರಿಗೂ ಗೊತ್ತು. ಒಂದನೇ ಕ್ಲಾಸಿಗೆ ಸೇರಿಸುವಾಗ ಮೇಷ್ಟ್ರು ಬರೆದದ್ದೇ ಜಾತಕ. ಗ್ರಾಮ ಪಂಚಾಯಿತಿಯ ಜನನ ಪ್ರಮಾಣಪತ್ರಕ್ಕೂ ಶಾಲೆಯ ದಾಖಲೆಗೂ ತಾಳೆಯಾಗದಿದ್ದರೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಅಚ್ಚಾಗುವ ಮೊದಲೇ ಮುಖ್ಯೋಪಾಧ್ಯಾಯರಿಗೆ ಲಿಖಿತ ಅರ್ಜಿ ಕೊಟ್ಟು ಸರಿಪಡಿಸಿಕೊಳ್ಳಿ. ಆಮೇಲೆ ತಿದ್ದಿಸಬೇಕೆಂದರೆ ಬಹುತೇಕ ಸಿವಿಲ್ ನ್ಯಾಯಾಲಯದ ಮೆಟ್ಟಿಲೇ ಗತಿ. ವಯಸ್ಸು ಇಳಿಸಿ ಕಿರಿಯರ ತಂಡದಲ್ಲಿ ಆಡಿಸುವ ಆಸೆಯಂತೂ ಬೇಡವೇ ಬೇಡ. ಕೇಂದ್ರ ಕ್ರೀಡಾ ಸಚಿವಾಲಯ 2010ರಲ್ಲೇ ವಯೋವಂಚನೆಯ ವಿರುದ್ಧ ರಾಷ್ಟ್ರೀಯ ಸಂಹಿತೆ ತಂದಿದೆ. ಸಿಕ್ಕಿಬಿದ್ದರೆ ಆಟದಿಂದಲೇ ನಿಷೇಧ.

ಇನ್ನು ಯಾರೂ ಮುಂಚಿತವಾಗಿ ಹೇಳದ ಒಂದು ಕಂದಕ. ಚೆನ್ನಾಗಿ ಆಡುವ ಮಗುವನ್ನು ಎಂಟನೇ ತರಗತಿಗೆ ದಾವಣಗೆರೆಗೋ ಶಿವಮೊಗ್ಗಕ್ಕೋ ಕಳಿಸಿ ಕ್ರೀಡಾ ನಿಲಯದಲ್ಲಿ ಬಿಡುತ್ತೇವೆ. ತರಬೇತಿಗೆ ಒಳ್ಳೆಯದೇ. ಆದರೆ ಸಿಇಟಿಯ ಶೇ. 15 ಗ್ರಾಮೀಣ ಮೀಸಲಾತಿಗೆ ಒಂದರಿಂದ ಹತ್ತನೇ ತರಗತಿವರೆಗೆ ಪೂರ್ತಿ ಗ್ರಾಮೀಣ ಶಾಲೆಯಲ್ಲೇ ಓದಿರಬೇಕು. ರಾಜ್ಯ ಸರ್ಕಾರಿ ನೌಕರಿಯ ಗ್ರಾಮೀಣ ಅಭ್ಯರ್ಥಿ ಮೀಸಲಿಗೂ ಇದೇ ಲೆಕ್ಕ. ಪೇಟೆಯ ಶಾಲೆಯಲ್ಲಿ ಮೂರೇ ವರ್ಷ ಓದಿದರೂ ಆ ಹಕ್ಕು ಹೋಯಿತು. ಕನ್ನಡ ಮಾಧ್ಯಮದ ಶೇ. 5 ಮಾತ್ರ, ಮಾಧ್ಯಮ ಬದಲಾಗದಿದ್ದರೆ, ಉಳಿಯುತ್ತದೆ. ಪುರಸಭೆ, ಪಟ್ಟಣ ಪಂಚಾಯಿತಿ ವ್ಯಾಪ್ತಿಯ ಶಾಲೆಯೂ ಗ್ರಾಮೀಣವಲ್ಲ ಎಂಬುದನ್ನು ತಾಲ್ಲೂಕು ಕೇಂದ್ರದವರು ಮರೆಯುತ್ತಾರೆ. ಕಳಿಸಬೇಡಿ ಎನ್ನುತ್ತಿಲ್ಲ. ಸಾಫ್ಟ್‌ಬಾಲ್‌ನಿಂದ ಸಿಗಬಹುದಾದದ್ದು ಯಾವುದು, ಗ್ರಾಮೀಣ ಎಂಬ ಕಾರಣಕ್ಕೆ ಈಗಾಗಲೇ ಕೈಯಲ್ಲಿರುವುದು ಯಾವುದು, ಎರಡನ್ನೂ ತೂಗಿ ನೋಡಿ ಕಳಿಸಿ.

ವೃತ್ತಿಪರ ಕೋರ್ಸುಗಳ ಕ್ರೀಡಾ ಕೋಟಾ 2006ರ ಪ್ರವೇಶ ನಿಯಮಗಳ ಪ್ರಕಾರ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಮೂಲಕ ನಡೆಯುತ್ತದೆ. ಸಿಇಟಿ ಆನ್‌ಲೈನ್ ಅರ್ಜಿಯಲ್ಲೇ ಕ್ರೀಡಾ ವರ್ಗವನ್ನು ಗುರುತು ಮಾಡಿರಬೇಕು. ಸೈಬರ್ ಸೆಂಟರಿನ ಹುಡುಗ ಅವಸರದಲ್ಲಿ ‘ಇಲ್ಲ’ ಒತ್ತಿದ್ದರೆ ಆಮೇಲಿನ ತಿದ್ದುಪಡಿ ಅವಕಾಶ ಪ್ರಾಧಿಕಾರದ ಕೃಪೆಯೇ ಹೊರತು ನಿಮ್ಮ ಹಕ್ಕಲ್ಲ. ಮುಗಿಸುವ ಮುನ್ನ ಅರ್ಜಿಯನ್ನು ನೀವೇ ಒಂದು ಸಲ ಓದಿ. ಮೂಲ ಪ್ರಮಾಣಪತ್ರಗಳನ್ನು ನಿಗದಿತ ದಿನ ಬೆಂಗಳೂರಿನ ಮಲ್ಲೇಶ್ವರದ ಕಚೇರಿಗೆ ಒಯ್ದು ತೋರಿಸಬೇಕು. ಆಟದ ಅರ್ಹತೆ, ಆದ್ಯತೆಯ ಲೆಕ್ಕ ನೋಡುವುದು ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ. ಜಗಳೂರಿನಿಂದ ರಾತ್ರಿ ಬಸ್ಸು ಹತ್ತುವವರು ಜೆರಾಕ್ಸ್ ಎರಡು ಸೆಟ್ ಮಾಡಿಸಿ, ಮೂಲಪತ್ರಗಳನ್ನು ಮಡಿಲಲ್ಲೇ ಇಟ್ಟುಕೊಳ್ಳಿ.

ಎಲ್ಲ ಸಂಘದ ಸರ್ಟಿಫಿಕೇಟಿಗೂ ಒಂದೇ ಬೆಲೆ ಇಲ್ಲ. “ನ್ಯಾಷನಲ್ ಲೆವೆಲ್ ಟೂರ್ನಮೆಂಟ್, ಎಂಟ್ರಿ ಫೀಸ್ ಇಷ್ಟು” ಎಂದು ವಾಟ್ಸಾಪಿನಲ್ಲಿ ಬರುವ ಕರೆಗೆ ಹಣ ಕಟ್ಟುವ ಮೊದಲು ಆ ಸಂಘಕ್ಕೆ ಸರ್ಕಾರದ ಮಾನ್ಯತೆ ಇದೆಯೆ, ಪ್ರಾಧಿಕಾರ ಇದನ್ನು ಎಣಿಸುತ್ತದೆಯೆ ಎಂದು ಕ್ರೀಡಾ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ಬರವಣಿಗೆಯಲ್ಲೇ ಕೇಳಿ. ಉತ್ತರ ಬಾರದಿದ್ದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಬಿಪಿಎಲ್ ಕುಟುಂಬಕ್ಕೆ ಅದೂ ಇಲ್ಲ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ. ನಮ್ಮವರು ಊರ ಪುರಾಣವನ್ನೆಲ್ಲ ಬರೆದು ಅರ್ಜಿ ತಿರಸ್ಕೃತವಾಗಿ ಬರುವುದನ್ನು ಬಹಳ ನೋಡಿದ್ದೇನೆ. ಇನ್ನು, ಆಡದವರಿಗೂ ಸರ್ಟಿಫಿಕೇಟ್ ಮಾಡಿಸಿಕೊಡುತ್ತೇವೆ ಎನ್ನುವವರು ಸಿಕ್ಕರೆ ದೂರವಿರಿ. ನಕಲಿ ದಾಖಲೆ ಸೃಷ್ಟಿಸುವುದಷ್ಟೇ ಅಲ್ಲ, ನಕಲಿ ಎಂದು ಗೊತ್ತಿದ್ದೂ ಬಳಸುವುದು ಭಾರತೀಯ ನ್ಯಾಯ ಸಂಹಿತೆಯ 340ನೇ ಸೆಕ್ಷನ್ನಿನಡಿ ಅಪರಾಧ. ಮಾರಿದವನು ತಪ್ಪಿಸಿಕೊಳ್ಳುತ್ತಾನೆ, ಸಹಿ ಹಾಕಿದ ಹುಡುಗಿ ಸಿಕ್ಕಿಬೀಳುತ್ತಾಳೆ.

ಖಾಸಗಿ ಕಾಲೇಜಿನ ತರಬೇತುದಾರರು ಟೂರ್ನಮೆಂಟಿನ ಮೈದಾನದಲ್ಲೇ “ನಮ್ಮಲ್ಲಿಗೆ ಬಾ, ಫೀಸು ಮಾಫಿ, ಹಾಸ್ಟೆಲ್ ಫ್ರೀ” ಅನ್ನುವುದುಂಟು. ನಮ್ಮಲ್ಲಿ ‘ರಿಕ್ರೂಟ್‌ಮೆಂಟ್’ ಎಂಬುದು ಏನಾದರೂ ಇದ್ದರೆ ಅದು ಇಷ್ಟೇ. ಬಾಯಿಮಾತಿನ ಒಪ್ಪಂದಕ್ಕೂ ಕಾನೂನಿನಲ್ಲಿ ಜಾಗ ಉಂಟು, ಆದರೆ ಸಾಬೀತು ಮಾಡುವವರು ಯಾರು? ಕಾಲೇಜಿನ ಲೆಟರ್‌ಹೆಡ್ಡಿನಲ್ಲಿ, ಪ್ರಾಂಶುಪಾಲರ ಸಹಿಯಲ್ಲಿ ಬರೆಸಿಕೊಳ್ಳಿ: ಯಾವ ಶುಲ್ಕ ಮಾಫಿ, ಎಷ್ಟು ವರ್ಷ, ಮೊಣಕಾಲು ಮುರಿದು ಆಡಲಾಗದಿದ್ದರೆ ಏನು. ಈ ಕೊನೆಯ ಪ್ರಶ್ನೆ ಕೇಳಲು ಎಲ್ಲರೂ ಸಂಕೋಚಪಡುತ್ತಾರೆ. ಗಲಾಟೆ ಏಳುವುದೂ ಅದರ ಮೇಲೆಯೇ. ಹದಿನೆಂಟು ತುಂಬದವರು ಮಾಡಿಕೊಂಡ ಕರಾರು 1872ರ ಕರಾರು ಕಾಯಿದೆಯಡಿ ನಿಲ್ಲುವುದಿಲ್ಲವಾದ್ದರಿಂದ ಪಾಲಕರೇ ಪತ್ರ ಪಡೆಯಬೇಕು. ಡೊನೇಷನ್ ಕೇಳಿದರೆ 1984ರ ಕರ್ನಾಟಕ ಕ್ಯಾಪಿಟೇಷನ್ ಶುಲ್ಕ ನಿಷೇಧ ಕಾಯಿದೆ ಇದೆ.

ಸೇರಿದ ಮೇಲೆ ಇನ್ನೊಂದು ಕಡೆ ಒಳ್ಳೆಯ ಅವಕಾಶ ಬಂದರೆ? “ಮೂಲ ಅಂಕಪಟ್ಟಿ ನಮ್ಮ ಹತ್ತಿರ ಇದೆ” ಎಂದು ಹೆದರಿಸುವಂತಿಲ್ಲ. ಯುಜಿಸಿ 2018ರ ಅಕ್ಟೋಬರ್‌ನಲ್ಲಿ ಹೊರಡಿಸಿದ ಅಧಿಸೂಚನೆಯ ಪ್ರಕಾರ ಮೂಲ ಪ್ರಮಾಣಪತ್ರಗಳನ್ನು ಪರಿಶೀಲಿಸಿ ಅಲ್ಲೇ ವಾಪಸ್ ಕೊಡಬೇಕು. ಶುಲ್ಕ ವಾಪಸಿಗೂ ಅದರಲ್ಲಿ ಲೆಕ್ಕವಿದೆ. ಪ್ರವೇಶದ ಕೊನೆಯ ದಿನಕ್ಕೆ 15 ದಿನ ಅಥವಾ ಇನ್ನೂ ಮೊದಲೇ ಬಿಟ್ಟರೆ ಸಂಸ್ಕರಣಾ ವೆಚ್ಚ ಕಳೆದು ಪೂರ್ತಿ, ಆಮೇಲೆ ಕೊನೆಯ ದಿನದೊಳಗೆ ಬಿಟ್ಟರೆ ಶೇ. 90, ಕೊನೆಯ ದಿನ ಕಳೆದು 15 ದಿನದೊಳಗೆ ಶೇ. 80, 30 ದಿನದೊಳಗೆ ಶೇ. 50, ಅಲ್ಲಿಂದಾಚೆ ಏನೂ ಇಲ್ಲ. ಯುಜಿಸಿ ಕೆಲವು ವರ್ಷ ಇದಕ್ಕಿಂತ ಸಡಿಲ ದಿನಾಂಕ ಕೊಟ್ಟದ್ದೂ ಇದೆ, ಆ ವರ್ಷದ ಸುತ್ತೋಲೆ ನೋಡಿ. ಕಾಲೇಜಿನವರು ವಾಪಸ್ ಕೊಡದಿದ್ದರೆ 2023ರ ಯುಜಿಸಿ ನಿಯಮಾವಳಿಯಂತೆ ಕಾಲೇಜಿನ ವಿದ್ಯಾರ್ಥಿ ಕುಂದುಕೊರತೆ ಸಮಿತಿಗೆ ದೂರು, ಅಲ್ಲೂ ಆಗದಿದ್ದರೆ 15 ದಿನದೊಳಗೆ ವಿಶ್ವವಿದ್ಯಾಲಯದ ಓಂಬುಡ್ಸ್‌ಪರ್ಸನ್‌ಗೆ ಮೇಲ್ಮನವಿ. ನಮ್ಮ ಭಾಗದ ಪದವಿ ಕಾಲೇಜುಗಳಿಗೆ ಅದು ದಾವಣಗೆರೆ ವಿಶ್ವವಿದ್ಯಾಲಯ, ತೋಳಹುಣಸೆಯ ಶಿವಗಂಗೋತ್ರಿ. ಖಾಸಗಿ ಕೋಚಿಂಗ್ ಅಕಾಡೆಮಿಯವರು ಹಣ ಪಡೆದು ಕೈಯೆತ್ತಿದರೆ ದಾರಿ ಬೇರೆ: ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕರ ಆಯೋಗ.

ಪದವಿಗೆ ಸೇರಿದ ಮೇಲೆ ಅಂತರ ವಿಶ್ವವಿದ್ಯಾಲಯ ಪಂದ್ಯಗಳು. ನಡೆಸುವುದು ಭಾರತೀಯ ವಿಶ್ವವಿದ್ಯಾಲಯಗಳ ಸಂಘ. ಸಾಫ್ಟ್‌ಬಾಲ್ ಅದರ ಪಟ್ಟಿಯಲ್ಲಿದೆ. ಜುಲೈ 1ಕ್ಕೆ ವಯಸ್ಸು 17ರ ಮೇಲೆ, 25ರ ಒಳಗೆ ಇರಬೇಕು. ಪಂದ್ಯಕ್ಕೆ ಹೋದ ದಿನಗಳ ಹಾಜರಾತಿ ತಾನಾಗಿ ಬರುತ್ತದೆ ಎಂದುಕೊಳ್ಳಬೇಡಿ. ಹೋಗುವ ಮೊದಲೇ ಪ್ರಾಂಶುಪಾಲರಿಗೆ ಅರ್ಜಿ, ಬಂದ ಮೇಲೆ ಭಾಗವಹಿಸಿದ ಪತ್ರ. ಎರಡಕ್ಕೂ ಸ್ವೀಕೃತಿ ಹಾಕಿಸಿಕೊಳ್ಳಿ. ಶೇ. 75ರ ಗೆರೆಯ ಕೆಳಗೆ ಬಿದ್ದಾಗ ಕೈಹಿಡಿಯುವುದು ಆ ಸ್ವೀಕೃತಿ.

ಹೆಣ್ಣುಮಕ್ಕಳನ್ನು ದೂರದ ಶಿಬಿರಕ್ಕೆ ಕಳಿಸುವಾಗ ತಾಯಂದಿರ ಮನಸ್ಸಿನಲ್ಲಿ ಏನಿರುತ್ತದೆ ಎಂದು ಎಲ್ಲರಿಗೂ ಗೊತ್ತು, ಆದರೆ ಬಾಯಿಬಿಟ್ಟು ಯಾರೂ ಹೇಳುವುದಿಲ್ಲ. ಕಾನೂನು ಹೇಳುತ್ತದೆ. 18 ತುಂಬದ ಮಗುವಿಗೆ ಲೈಂಗಿಕ ಕಿರುಕುಳವಾದರೆ 2012ರ ಪೋಕ್ಸೊ ಕಾಯಿದೆ. ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು. ಸಂಸ್ಥೆಯ ಮುಖ್ಯಸ್ಥರೇ “ತಂಡದ ಹೆಸರು ಕೆಡುತ್ತೆ” ಎಂದು ಮುಚ್ಚಿಟ್ಟರೆ ಅವರಿಗೆ ಒಂದು ವರ್ಷದವರೆಗೆ ಜೈಲಾಗಬಹುದು. ಕೆಲಸದ ಸ್ಥಳದಲ್ಲಿ ಮಹಿಳೆಯರಿಗೆ ಆಗುವ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯಿದೆ ಕ್ರೀಡಾ ಸಂಸ್ಥೆ, ಕ್ರೀಡಾಂಗಣ, ಪಂದ್ಯದ ಜಾಗಗಳನ್ನೂ ‘ಕೆಲಸದ ಸ್ಥಳ’ದೊಳಗೆ ಸೇರಿಸಿದೆ, ವಯಸ್ಕ ಆಟಗಾರ್ತಿ ಮೂರು ತಿಂಗಳೊಳಗೆ ಆಂತರಿಕ ಸಮಿತಿಗೋ ಜಿಲ್ಲೆಯ ಸ್ಥಳೀಯ ಸಮಿತಿಗೋ ದೂರು ಕೊಡಬಹುದು. ಮಕ್ಕಳ ಸಹಾಯವಾಣಿ 1098 ಅನ್ನು ಮಗಳ ಕಿಟ್ ಬ್ಯಾಗಿನ ಒಳಗೇ ಬರೆದಿಡಿ. ತಂಡದ ಜೊತೆ ಮಹಿಳಾ ಮ್ಯಾನೇಜರ್ ಇದ್ದಾರೆಯೆ ಎಂದು ಕೇಳುವುದು ಅನುಮಾನವಲ್ಲ, ಪಾಲಕರ ಕೆಲಸ.

ಜಾತಿ, ಆದಾಯ ಪ್ರಮಾಣಪತ್ರಗಳನ್ನು ನಾಡಕಚೇರಿಯಲ್ಲಿ ಸಿಇಟಿ ಗದ್ದಲಕ್ಕೆ ಮೊದಲೇ ಮಾಡಿಸಿ. ಸಕಾಲದಡಿ ಬರುವ ಅರ್ಜಿಗೆ 15 ಅಂಕಿಯ ಸಂಖ್ಯೆ ಕೊಡುತ್ತಾರೆ. ಅವಧಿ ಮೀರಿದರೆ ಮೇಲ್ಮನವಿ ಹಾಕಿ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರ ಕೇಳಬಹುದು. ಹಣ ಸಣ್ಣದು. ಆ ಮೇಲ್ಮನವಿ ಬಂತೆಂದ ಕೂಡಲೇ ಕಡತ ಕದಲುವುದು ಮಾತ್ರ ಸಣ್ಣದಲ್ಲ.

ಇಷ್ಟೆಲ್ಲ ಮಾಡಿಯೂ ಅನ್ಯಾಯವಾದರೆ ಹೈಕೋರ್ಟಿನಲ್ಲಿ 226ನೇ ವಿಧಿಯಡಿ ರಿಟ್. ದಾವಣಗೆರೆ ಜಿಲ್ಲೆಯವರಿಗೆ ಧಾರವಾಡ ಪೀಠವಲ್ಲ, ಬೆಂಗಳೂರು. ಯಾರು ಚೆನ್ನಾಗಿ ಚೆಂಡು ಎಸೆಯುತ್ತಾರೆ ಎಂದು ನ್ಯಾಯಾಧೀಶರು ತೀರ್ಮಾನಿಸುವುದಿಲ್ಲ, ಆಯ್ಕೆ ನಿಯಮದಂತೆ ನಡೆಯಿತೆ ಎಂದಷ್ಟೇ ನೋಡುತ್ತಾರೆ. ಸೀಟು ಹಂಚಿಕೆ ಮುಗಿದ ಮೇಲೆ ಹೋದರೆ ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ. ತಾತ್ಕಾಲಿಕ ಪಟ್ಟಿ ಬಂದ ದಿನವೇ ಆಕ್ಷೇಪಣೆ ಸಲ್ಲಿಸಿರಬೇಕು. ವಕೀಲರ ಫೀಸಿನ ಚಿಂತೆ ಇರುವವರು ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. 1987ರ ಕಾಯಿದೆಯ 12ನೇ ಸೆಕ್ಷನ್ನಿನಂತೆ ಮಹಿಳೆಯರಿಗೂ ಮಕ್ಕಳಿಗೂ ಆದಾಯ ಎಷ್ಟೇ ಇರಲಿ, ನೆರವು ಉಚಿತ. ಫೋನ್ 15100.

ನ್ಯಾಮತಿಯ ಆ ತಾಯಿ ಇನಿಷಿಯಲ್ ತಿದ್ದುಪಡಿಗೆ ಶಾಲೆಯ ದಾಖಲಾತಿ ಉತಾರ ಸೇರಿಸಿ ಅರ್ಜಿ ಕೊಟ್ಟು, ಸ್ವೀಕೃತಿ ತಂದು ತೋರಿಸಿದರು. ಈ ಸಲ ಪ್ಲಾಸ್ಟಿಕ್ ಚೀಲದ ಬದಲು ಗುಂಡಿ ಹಾಕುವ ಫೈಲು ಇತ್ತು. ಸೀಲಿಲ್ಲದ ಇನ್ನೊಂದು ಸರ್ಟಿಫಿಕೇಟಿನ ಬೆನ್ನು ಹತ್ತಿ ಅವರು ಇನ್ನೂ ಓಡಾಡುತ್ತಿದ್ದಾರೆ.