ಬಯಲಿಗೆ ಹೊರಟ ಮಲೆಯ ಮಕ್ಕಳಿಗೆ

ಪುತ್ತರಿ ಮುಗಿಸಿಕೊಂಡು, ರೊಬಸ್ಟಾ ಕೊಯ್ಲು ಶುರುವಾಗುವ ಮುಂಚೆ, ಗೆಳೆಯರೆಲ್ಲ ಸೇರಿ ಒಂದೇ ಜೀಪಿನಲ್ಲಿ ಬಳ್ಳಾರಿ ಕಡೆಗೆ ಹಕ್ಕಿ ನೋಡಲು ಹೊರಟಿದ್ದೀರಿ ಎಂದು ಕೇಳಿ ಬಹಳ ಸಂತೋಷವಾಯಿತು. ರಾಜಸ್ಥಾನದ ಥಾರ್ ಮರುಭೂಮಿಗೆ ಹೋಗುವ ಯೋಚನೆಯೂ ಇತ್ತಂತೆ. ಅದು ಎಲ್ಲಿಗೂ ಓಡಿಹೋಗುವುದಿಲ್ಲ, ಮುಂದೆ ಹೋಗಬಹುದು. ಮೊದಲು ನಮ್ಮದೇ ರಾಜ್ಯದ ಒಣನಾಡನ್ನು ನೋಡಿ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರ್‌ಗೂ ಮಿಕ್ಕಿ ಮಳೆ ಬೀಳುತ್ತದೆ, ಚಳ್ಳಕೆರೆಯಲ್ಲಿ 500ರ ಆಸುಪಾಸು. ಒಂದೇ ಹಗಲಿನ ದಾರಿಯಲ್ಲಿ ಇಷ್ಟು ಬೇರೆಯಾದ ಎರಡು ಲೋಕಗಳನ್ನು ಕಾಣುವ ಭಾಗ್ಯ ಎಲ್ಲರಿಗೂ ಇರುವುದಿಲ್ಲ.

ಹೊರಡುವ ಮುಂಚೆ ಈ ಹಿರಿಯನ ನಾಲ್ಕು ಮಾತು ಕೇಳಿಸಿಕೊಳ್ಳಿ.

ನಿಮ್ಮ ಕಣ್ಣು ಕಾಡಿನಲ್ಲಿ ಪಳಗಿದ್ದು. ಡಾ. ಎಸ್.ವಿ. ನರಸಿಂಹನ್ ಅವರು ವಿರಾಜಪೇಟೆಯಲ್ಲಿ ವೈದ್ಯರಾಗಿದ್ದುಕೊಂಡೇ ಕೊಡಗಿನ ಹಕ್ಕಿಗಳನ್ನು ದಾಖಲಿಸಿದ್ದನ್ನು ಓದಿ ಬೆಳೆದ ತಲೆಮಾರು ನಿಮ್ಮದು. ಇಲ್ಲಿ ಮೊದಲು ಕೂಗು ಕೇಳಿಸುತ್ತದೆ, ಆಮೇಲೆ ಕೊಂಬೆ ಗೊತ್ತಾಗುತ್ತದೆ, ಹಕ್ಕಿ ಕಾಣುವುದು ಕಡೆಗೆ. ಮರ ನಮ್ಮನ್ನೂ ಮರೆಮಾಡುತ್ತದೆ, ಹಕ್ಕಿಯನ್ನೂ ಮರೆಮಾಡುತ್ತದೆ. ಎರೆಭೂಮಿಯ ಬಯಲಿನಲ್ಲಿ ಆ ಮರೆಯಿಲ್ಲ. ನೀವು ಹಕ್ಕಿಯನ್ನು ಕಾಣುವ ಎಷ್ಟೋ ಹೊತ್ತಿನ ಮುಂಚೆಯೇ ಅದು ನಿಮ್ಮನ್ನು ಕಂಡಿರುತ್ತದೆ. ಹತ್ತಿರ ಹೋಗುವ ಆಸೆಯನ್ನು ಮನೆಯಲ್ಲೇ ಬಿಟ್ಟು ಹೋಗಿ. ಜೀಪು ನಿಲ್ಲಿಸಿ, ಇಂಜಿನ್ ಆಫ್ ಮಾಡಿ, ಒಳಗೇ ಕುಳಿತಿರಿ. ಬಯಲಿನ ಹಕ್ಕಿ ನಿಂತ ಗಾಡಿಗೆ ಅಷ್ಟಾಗಿ ಹೆದರುವುದಿಲ್ಲ. ಬಾಗಿಲು ತೆರೆದು ಇಳಿಯುವ ಮನುಷ್ಯನಿಗೆ ಹೆದರುತ್ತದೆ. ನಮ್ಮ ಹಿರಿಯರು ಕೋವಿ ಹಿಡಿದು ಕಾಡಿಗೆ ಹೋಗುತ್ತಿದ್ದ ಕಾಲದಲ್ಲಿ ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ನೋಡಿ, ಉಸಿರು ಬಿಗಿಹಿಡಿದು ಕಾಯುತ್ತಿದ್ದರು. 1972ರ ವನ್ಯಜೀವಿ ಕಾಯ್ದೆ ಬೇಟೆಯನ್ನು ನಿಲ್ಲಿಸಿತು, ಅದು ಒಳ್ಳೆಯದೇ ಆಯಿತು. ಆದರೆ ಆ ಕಾಯುವ ಶಿಸ್ತನ್ನು ನಾವು ಕಳೆದುಕೊಳ್ಳಬಾರದು. ಬೈನಾಕ್ಯುಲರ್ ಹಿಡಿದವನಿಗೂ ಅದೇ ಬೇಕು.

ಇನ್ನೊಂದು ಮಾತು, ಇದು ಎಲ್ಲಕ್ಕಿಂತ ಮುಖ್ಯ. ದಾರಿ ಬಿಟ್ಟು ಹುಲ್ಲಿನ ಮೇಲೆ ಜೀಪು ಓಡಿಸಬೇಡಿ. ನಮ್ಮಲ್ಲಿ ಗೂಡೆಂದರೆ ಮರದ ಪೊಟರೆ, ಕೊಂಬೆಯ ಕವಲು. ಅಲ್ಲಿ ನೆಲವೇ ಗೂಡು. ಬಾನಾಡಿ, ಟಿಟ್ಟಿಭ, ಕೋರ್ಸರ್, ಸ್ಯಾಂಡ್‌ಗ್ರೌಸ್ ಎಲ್ಲವೂ ನೆಲದಲ್ಲೇ ಮೊಟ್ಟೆ ಇಡುತ್ತವೆ. ಮೊಟ್ಟೆಯ ಬಣ್ಣ ಮಣ್ಣಿನದೇ, ಮರಿಯ ಬಣ್ಣವೂ ಮಣ್ಣಿನದೇ. ಅಪಾಯ ಕಂಡರೆ ಮರಿ ಓಡುವುದಿಲ್ಲ, ನೆಲಕ್ಕೆ ಅಂಟಿಕೊಂಡು ಅಲ್ಲಾಡದೆ ಮಲಗುತ್ತದೆ. ಚಕ್ರದಡಿ ಏನು ಸಿಕ್ಕಿತೆಂದು ಡ್ರೈವರಿಗೆ ಗೊತ್ತೂ ಆಗುವುದಿಲ್ಲ. ಚಳಿಗಾಲದಲ್ಲಿ ಹೊರಗಿನಿಂದ ಬರುವ ಸೆಳೆವ (ಹ್ಯಾರಿಯರ್) ಎಂಬ ಬೇಟೆಹಕ್ಕಿಗಳೂ ರಾತ್ರಿ ಕಳೆಯುವುದು ಮರದ ಮೇಲಲ್ಲ. ಸಂಜೆಯಾಗುತ್ತಲೇ ಗುಂಪುಗೂಡಿ ಎತ್ತರದ ಹುಲ್ಲಿನೊಳಗೆ ಇಳಿದು ನೆಲದಲ್ಲೇ ಮಲಗುತ್ತವೆ. ಮಧ್ಯ ಏಷ್ಯಾದ ಹುಲ್ಲುಗಾವಲಿನಿಂದ ಅಷ್ಟು ದೂರ ಹಾರಿ ಬಂದು, ನಮ್ಮ ಹೊಲಗಳ ಮಿಡತೆ ತಿಂದು ಬದುಕುವ ಹಕ್ಕಿ ಅದು. ಕತ್ತಲಾದ ಮೇಲೆ ಹೆಡ್‌ಲೈಟ್ ಹಾಕಿಕೊಂಡು ಅದರ ಮಲಗುವ ಮನೆಗೆ ನುಗ್ಗಬೇಡಿ. ಮುಚ್ಚಂಜೆಯಲ್ಲಿ ಹಳ್ಳಿಯ ರಸ್ತೆ ಹಿಡಿದರೆ ನಿಧಾನವಾಗಿ ಓಡಿಸಿ. ಬಿಸಿಲಿಗೆ ಕಾದ ಡಾಂಬರಿನ ಮೇಲೆ ಇರುಳುಹಕ್ಕಿ ನತ್ತಿಂಗ ಬಂದು ಕೂರುತ್ತದೆ, ಬೆಳಕು ಬಿದ್ದರೆ ದಿಕ್ಕು ತೋಚದೆ ಅಲ್ಲೇ ಉಳಿಯುತ್ತದೆ.

ಸ್ಯಾಂಡ್‌ಗ್ರೌಸ್ ಎಂದೆನಲ್ಲ, ಆ ಹಕ್ಕಿಯ ಮೇಲೆ ನನಗೆ ವಿಶೇಷ ಪ್ರೀತಿ. ಒಣ ಕಾಳು ತಿಂದು ಬದುಕುವುದರಿಂದ ಅದಕ್ಕೆ ನೀರು ಬೇಕೇ ಬೇಕು. ಒಂದು ಜಾತಿ ಬಿಸಿಲೇರುವ ಹೊತ್ತಿಗೆ ಗುಂಪಾಗಿ ನೀರಿಗೆ ಇಳಿದರೆ, ದರೋಜಿಯ ಬಂಡೆಗಳ ನಡುವೆ ಕಾಣಸಿಗುವ ಬಣ್ಣದ ಸ್ಯಾಂಡ್‌ಗ್ರೌಸ್ ಕತ್ತಲು ಕವಿಯುವ ಹೊತ್ತಿಗೆ ಬರುತ್ತದೆ. ಮರಿಗಳಿರುವ ಕಾಲದಲ್ಲಿ ಗಂಡು ನೀರಿಗಿಳಿದು ಹೊಟ್ಟೆಯ ಗರಿಗಳನ್ನು ತೋಯಿಸಿಕೊಂಡು, ದೂರದ ಮರಿಗಳ ಬಳಿಗೆ ಹಾರಿಹೋಗಿ ಆ ಗರಿಗಳಿಂದಲೇ ನೀರು ಕುಡಿಸುತ್ತದೆ. ಹೆಜ್ಜೆಗೊಂದು ತೋಡು ಹರಿಯುವ ನಾಡಿನಲ್ಲಿ ಹುಟ್ಟಿದ ನಮಗೆ ಇದು ಕಥೆಯಂತೆ ಕೇಳಿಸುತ್ತದೆ, ಆದರೆ ನಿಜ. ಆದ್ದರಿಂದ ಒಳ್ಳೆಯ ಫೋಟೋ ಸಿಗುತ್ತದೆಂದು ಹೊಂಡದ ಅಂಚಿನಲ್ಲೇ ಕೂರಬೇಡಿ. ನಿಮ್ಮನ್ನು ಕಂಡು ಗುಂಪು ತಿರುಗಿ ಹೋದರೆ ಅವತ್ತಿಡೀ ಅವಕ್ಕೆ ಬಾಯಾರಿಕೆ. ದೂರದ ಬಂಡೆಯ ಮರೆಯಲ್ಲಿ ಕುಳಿತು ನೋಡಿ, ಅಷ್ಟೇ ಸಾಕು.

ಈಗ ಎರೆಭೂತದ, ಅಂದರೆ ಗ್ರೇಟ್ ಇಂಡಿಯನ್ ಬಸ್ಟರ್ಡಿನ ವಿಷಯ. ನಿಮ್ಮ ಮನಸ್ಸಿನಲ್ಲಿ ಅದೇ ಇದೆಯೆಂದು ನನಗೆ ಗೊತ್ತು. ಹಾರುವ ಹಕ್ಕಿಗಳಲ್ಲೇ ಅತಿ ಭಾರದವುಗಳ ಸಾಲಿಗೆ ಸೇರಿದ್ದು, ಮೀಟರ್ ಎತ್ತರದ್ದು, ಬಯಲಿನ ದೊರೆಯಂತೆ ನಡೆಯುವ ಹಕ್ಕಿ. ದೇಶದಲ್ಲಿ ಉಳಿದಿರುವುದು 150ರ ಆಸುಪಾಸು ಎಂಬ ಅಂದಾಜಿದೆ, ಅದರಲ್ಲಿ ಬಹುಪಾಲು ಜೈಸಲ್ಮೇರ್ ಕಡೆ. ಸಿರುಗುಪ್ಪದ ಎರೆಹೊಲಗಳಲ್ಲಿ ಬೆರಳೆಣಿಕೆಯಷ್ಟು. ಹೆಣ್ಣು ಸಾಮಾನ್ಯವಾಗಿ ಒಂದೇ ಮೊಟ್ಟೆ ಇಡುತ್ತದೆ, ಅದೂ ನೆಲದ ಮೇಲೆ. ಕಣ್ಣುಗಳು ತಲೆಯ ಪಕ್ಕಕ್ಕೆ ಇರುವುದರಿಂದ ಹಾರುವಾಗ ಎದುರಿನ ಕರೆಂಟು ತಂತಿ ಅದಕ್ಕೆ ತಡವಾಗಿ ಕಾಣುತ್ತದೆ. ಕಂಡರೂ ಆ ಭಾರದ ಮೈಯನ್ನು ತಕ್ಷಣ ತಿರುಗಿಸಲಾಗದು. ರಾಜಸ್ಥಾನ, ಗುಜರಾತಿನ ತಂತಿಗಳ ವಿಚಾರ 2021ರಲ್ಲಿ ಸುಪ್ರೀಂ ಕೋರ್ಟಿನ ಆದೇಶದವರೆಗೆ ಹೋಗಿದ್ದು ಇದಕ್ಕೇ. ನಮ್ಮ ರಾಣೆಬೆನ್ನೂರಿನಲ್ಲೂ ಎರೆಭೂತವಿತ್ತು. 1974ರಲ್ಲಿ ಅಲ್ಲಿ ಕೃಷ್ಣಮೃಗ ಅಭಯಾರಣ್ಯವಾಯಿತು. ಬಯಲಿನಲ್ಲಿ ನೀಲಗಿರಿ ತೋಪುಗಳೂ ಎದ್ದವು. ಈಗ ಕೃಷ್ಣಮೃಗ ಉಂಟು, ಎರೆಭೂತ ಇಲ್ಲ.

ನನ್ನ ಮಾತು ಕಠಿಣ ಅನ್ನಿಸಬಹುದು, ಆದರೂ ಹೇಳುತ್ತೇನೆ: ಸಿರುಗುಪ್ಪಕ್ಕೆ ಎರೆಭೂತವನ್ನು ಹುಡುಕಿಕೊಂಡು ಹೋಗಬೇಡಿ. ಇಷ್ಟು ಕಡಿಮೆಯಿರುವ ಹಕ್ಕಿಗೆ ಒಂದು ಜೀಪಿನ ಕುತೂಹಲವೂ ಭಾರ. ನೀವು ಹೋದ ದಾರಿಯನ್ನೇ ನಾಳೆ ಹತ್ತು ಜೀಪು ಹಿಡಿಯುತ್ತವೆ. ಎಲ್ಲೋ ದೈವವಶಾತ್ ಕಂಡರೆ ದೂರದಿಂದ ಕೈಮುಗಿದು, ಅರಣ್ಯ ಇಲಾಖೆಯವರಿಗೆ ಮಾತ್ರ ತಿಳಿಸಿ. ಫೇಸ್‌ಬುಕ್ಕಿಗೂ ಬೇಡ, ವಾಟ್ಸಾಪಿಗೂ ಬೇಡ. ಇ-ಬರ್ಡ್ ಕೂಡ ಇಂಥ ಸೂಕ್ಷ್ಮ ಹಕ್ಕಿಗಳು ಕಂಡ ಜಾಗವನ್ನು ಸಾರ್ವಜನಿಕರಿಂದ ಮರೆಮಾಡಿ ಇಡುತ್ತದೆ. ಮೊಬೈಲಿನಲ್ಲಿ ಕೂಗು ಹಾಕಿ ಹಕ್ಕಿ ಕರೆಯುವ ಅಭ್ಯಾಸವೂ ಬೇಡ, ಯಾವ ಹಕ್ಕಿಗೂ ಬೇಡ.

ನೋಡಲು ಬೇರೆ ಎಷ್ಟೊಂದಿದೆ! ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ, ಜಯಮಂಗಲಿ ಕೃಷ್ಣಮೃಗ ಧಾಮದಲ್ಲಿ, ಒಂದು ಬೆಳಗು ಕಳೆಯಿರಿ. 798 ಎಕರೆಯ ಪುಟ್ಟ ಹುಲ್ಲುಗಾವಲು ಅದು, ಆದರೆ ಅಲ್ಲಿ ನಿಂತರೆ ಒಂದು ಕಾಲಕ್ಕೆ ಇಡೀ ಸೀಮೆ ಹೇಗಿತ್ತೆಂದು ಊಹಿಸಬಹುದು. ಹಿಂದಿರುಗುವಾಗ ಗದಗ ಜಿಲ್ಲೆಯ ಮಾಗಡಿ ಕೆರೆಯನ್ನು ತಪ್ಪಿಸಬೇಡಿ. ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ಹಗಲೆಲ್ಲ ಅಲ್ಲಿ ತಂಗಿದ್ದು, ಕತ್ತಲಾದಾಗ ಸುತ್ತಲ ಹೊಲಗಳಿಗೆ ಮೇಯಲು ಹೋಗುತ್ತವೆ. ಮಂಗೋಲಿಯಾದಲ್ಲಿ ಕುತ್ತಿಗೆಗೆ ಗುರುತಿನ ಪಟ್ಟಿ ತೊಡಿಸಿದ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡದ್ದುಂಟು. ಆದ್ದರಿಂದ ಕುತ್ತಿಗೆಗಳನ್ನೂ ಗಮನಿಸಿ, ಪಟ್ಟಿ ಕಂಡರೆ ಬಣ್ಣ, ಅಕ್ಷರ ಬರೆದುಕೊಳ್ಳಿ. ಮಾಗಡಿ ಕೆರೆಗೂ ಹಗರಿಬೊಮ್ಮನಹಳ್ಳಿ ಬಳಿಯ ಅಂಕಸಮುದ್ರಕ್ಕೂ 2024ರಲ್ಲಿ ರಾಮ್ಸಾರ್ ಮಾನ್ಯತೆ ಸಿಕ್ಕಿದೆ. ಆದರೆ ಹೆಬ್ಬಾತು ಬದುಕಿರುವುದು ಮಾನ್ಯತೆಯಿಂದಲ್ಲ, ತಮ್ಮ ಬೆಳೆಯಲ್ಲಿ ಅದಕ್ಕೂ ಪಾಲು ಬಿಟ್ಟ ರೈತರಿಂದ. ಅವರ ಬದುವಿನ ಮೇಲೆ ಕಾಲಿಡುವ ಮುಂಚೆ ಒಂದು ಮಾತು ಕೇಳಿ.

ದಾರಿಯಲ್ಲಿ ಕುರಿಗಾಹಿಗಳು ಸಿಗುತ್ತಾರೆ. ಜೀಪು ನಿಲ್ಲಿಸಿ, ಇಳಿದು ನಮಸ್ಕಾರ ಹೇಳಿ, ಕುರಿ ದಾಟಲು ಬಿಡಿ. ಯಾವ ಹೊಂಡದಲ್ಲಿ ನೀರಿದೆ, ತೋಳ ಎಲ್ಲಿ ಓಡಾಡುತ್ತದೆ, ಯಾವ ಹಕ್ಕಿ ಯಾವ ಹೊಲದಲ್ಲಿದೆ ಎಂದು ಅವರಿಗೆ ತಿಳಿದಷ್ಟು ಯಾವ ಪುಸ್ತಕಕ್ಕೂ ತಿಳಿಯದು. ರೊಟ್ಟಿ, ಶೇಂಗಾ ಚಟ್ನಿ ಕೊಟ್ಟರೆ ಬೇಡವೆನ್ನದೆ ತಿನ್ನಿ, ನಿಮ್ಮ ಬುತ್ತಿಯನ್ನೂ ಹಂಚಿ. ಅಂದಹಾಗೆ, ಅಕಾಲಿಕ ಮಳೆ ಬಂದರೆ ಎರೆಮಣ್ಣಿನ ದಾರಿಗೆ ಇಳಿಯಲೇಬೇಡಿ. ನಮ್ಮ ಕೆಂಪುಮಣ್ಣಿನ ಏರಿಯಲ್ಲಿ ಪಳಗಿದ ಡ್ರೈವರೂ ಆ ಅಂಟಿನಿಂದ ಗಾಡಿ ಎತ್ತಲಾರ.

ಚಳ್ಳಕೆರೆ ದಾಟುವಾಗ ಒಂದು ಗಳಿಗೆ ನಿಂತು ಸುತ್ತ ನೋಡಿ. ಮೈಸೂರು ಅರಸರ ಕಾಲದಿಂದ ಅಮೃತಮಹಲ್ ದನಗಳಿಗೆ ಮೀಸಲಾಗಿದ್ದ ಕಾವಲುಗಳು ಅಲ್ಲಿದ್ದವು. ಸುಮಾರು ಹತ್ತು ಸಾವಿರ ಎಕರೆಯನ್ನು ರಕ್ಷಣಾ ಮತ್ತು ವಿಜ್ಞಾನ ಸಂಸ್ಥೆಗಳಿಗೆ ಕೊಡಲಾಯಿತು. ಪಾವಗಡದಲ್ಲಿ ಸೋಲಾರ್ ಪಾರ್ಕಿಗೆ 13,000 ಎಕರೆ. ದೇಶಕ್ಕೆ ವಿಜ್ಞಾನವೂ ಬೇಕು, ವಿದ್ಯುತ್ತೂ ಬೇಕು, ನಾನು ಅಲ್ಲಗಳೆಯುವುದಿಲ್ಲ. ಆದರೆ ಮರವಿಲ್ಲದ ನೆಲವನ್ನು ಪಾಳು ಎಂದು ಕರೆದ ಕೂಡಲೇ ಅಲ್ಲಿ ಮೇಯುವ ದನ, ಮೊಟ್ಟೆ ಇಡುವ ಹಕ್ಕಿ, ಕಂಬಳಿ ಹಾಸಿ ಮಲಗುವ ಕುರಿಗಾಹಿ ಎಲ್ಲರೂ ಲೆಕ್ಕದಿಂದ ಹೊರಗುಳಿಯುತ್ತಾರೆ. ಕಾಡಿನ ನಾಡಿನವರಾದ ನಾವೂ ಇದನ್ನು ಬೇಗ ಮರೆಯುತ್ತೇವೆ. ಬ್ರಹ್ಮಗಿರಿ, ತಡಿಯಂಡಮೋಳಿನ ನೆತ್ತಿಯ ಮೇಲಿರುವುದೂ ಹುಲ್ಲೇ ಅಲ್ಲವೇ? ಅದನ್ನು ಯಾರಾದರೂ ಪಾಳು ಎಂದರೆ ನಾವು ಸುಮ್ಮನಿರುತ್ತೇವೆಯೇ?

ಮಾಂದಲಪಟ್ಟಿಗೆ ಸಾಲುಗಟ್ಟಿ ಬರುವ ಜೀಪು, ದಾರಿಯುದ್ದಕ್ಕೂ ಬಿಸಾಡಿದ ಬಾಟಲಿ, ಬೆಟ್ಟದ ಮೇಲಿನ ಹಾಡು, ಕೂಗಾಟ ಕಂಡು ನಮ್ಮ ಹೊಟ್ಟೆ ಉರಿಯುತ್ತದೆ. ಬಳ್ಳಾರಿಯ, ಗದಗದ ಹಳ್ಳಿಯವರ ಕಣ್ಣಿಗೆ ನೀವು ಹಾಗೆ ಕಾಣಬಾರದು. ಕೊಡಗಿನವರು ಬಂದಿದ್ದರು, ಒಳ್ಳೆಯ ಮಕ್ಕಳು ಎಂದು ಅವರು ನೆನೆಯಬೇಕು.

ಪ್ರತಿ ಸಂಜೆ ಆ ದಿನ ಕಂಡ ಹಕ್ಕಿಗಳ ಪಟ್ಟಿಯನ್ನು ಊರಿನ ಹೆಸರು, ಹೊತ್ತು ಸಮೇತ ಅಂದೇ ಬರೆಯಿರಿ, ನಾಳೆಗೆ ಇಡಬೇಡಿ. ಗುಬ್ಬಿ, ಕಾಗೆಯನ್ನೂ ಬಿಡಬೇಡಿ. ಯಾವ ಹಕ್ಕಿ ಕಡಿಮೆಯಾಗುತ್ತಿದೆ ಎಂದು ಮುಂದೆ ತಿಳಿಯುವುದು ಇಂಥ ಪಟ್ಟಿಗಳಿಂದಲೇ. ಮತ್ತೆ, ಹೊರಡುವುದನ್ನು ಮುಂದೂಡಬೇಡಿ. ಕೊಯ್ಲು, ಮದುವೆ, ನೆಂಟರಿಷ್ಟರು ಎನ್ನುತ್ತ ಮಾರ್ಚ್ ಬಂದರೆ ಹೆಬ್ಬಾತುಗಳೂ ಸೆಳೆವಗಳೂ ಉತ್ತರಕ್ಕೆ ಹೊರಟಿರುತ್ತವೆ.